ಹಳೆ ಟರ್ಬೊ ಕಾರು ಹೊಗೆ ಬಿಡುತ್ತಿದೆಯಾ? ಟರ್ಬೊ ಬಿಚ್ಚಿಸುವ ಮೊದಲು ಇಷ್ಟು ನೋಡಿ

ಶಿರಸಿ, ಕುಮಟಾ, ಕಾರವಾರ, ಎಲ್ಲಿಂದ ಕೇಳಿದರೂ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಘಟ್ಟ ಹತ್ತುವಾಗ ಹಿಂದೆ ಹೊಗೆ ಕಾಣುತ್ತದೆ. ಗ್ಯಾರೇಜಿನಲ್ಲಿ ಟರ್ಬೊ ಹೋಗಿದೆ ಅಂದರು. ಬದಲಾಯಿಸಲಾ?"

ಈಗಲೇ ಬೇಡ. ಟರ್ಬೊ ಇರುವ ಕಾರಿನಲ್ಲಿ ಹೊಗೆ ಬಂದರೆ ಮೊದಲ ಅನುಮಾನ ಟರ್ಬೊ ಮೇಲೇ ಹೋಗುತ್ತದೆ. ಎಷ್ಟೋ ಸಲ ಅದು ಬರೀ ಪೆಟ್ಟು ತಿಂದ ಭಾಗ, ತಪ್ಪು ಬೇರೆ ಕಡೆ ಇರುತ್ತದೆ. ನನ್ನ ಕಾರಿನ ಟರ್ಬೊವನ್ನು ಒಮ್ಮೆ ಪೂರ್ತಿ ರಿಪೇರಿ ಮಾಡಿಸಿದೆ. ಎರಡೇ ವಾರಕ್ಕೆ ಹೊಗೆ ಮತ್ತೆ ಬಂತು. ಕೊನೆಗೆ ಸಿಕ್ಕಿದ್ದು ಒಡೆದ ಒಂದು ಗೇಣುದ್ದದ ಪೈಪು ಮತ್ತು ಕೆಟ್ಟು ಕೂತ ಪುಟ್ಟ ವಾಲ್ವ್. ಆ ದುಡ್ಡು ನಿಮ್ಮದೂ ಹೋಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಇದು ಪೆಟ್ರೋಲ್ ಟರ್ಬೊ ಕಾರುಗಳಿಗೆ: ಮೊದಲ ತಲೆಮಾರಿನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, ಲಾರಾ 1.8 ಟಿಎಸ್‌ಐ, ಫಿಯಟ್ ಲಿನಿಯಾ ಟಿ-ಜೆಟ್, ಪುಂಟೊ ಅಬಾರ್ತ್, ಇಂಥವು. ನನ್ನದು ಆಕ್ಟೇವಿಯಾ, 1781 ಸಿಸಿಯ 1.8 ಟರ್ಬೊ ಇಂಜಿನ್. ಹಾಗಾಗಿ ಉದಾಹರಣೆಗಳು ಅದರವೇ ಜಾಸ್ತಿ. ಆದರೆ ಹುಡುಕುವ ಕ್ರಮ ಎಲ್ಲದಕ್ಕೂ ಒಂದೇ.

ಮೊದಲು ಟರ್ಬೊ ಬಗ್ಗೆ ಎರಡು ಮಾತು

ಸೈಲೆನ್ಸರಿಗೆ ಹೋಗುವ ಬಿಸಿ ಗಾಳಿ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುತ್ತದೆ. ಹೀಗೆ ಒತ್ತಿ ತುಂಬುವುದಕ್ಕೆ ಬೂಸ್ಟ್ ಅಂತಾರೆ. ಶಾಫ್ಟು ನಿಮಿಷಕ್ಕೆ ಒಂದು ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುತ್ತದೆ, ಆಯಿಲ್ಲಿನ ತೆಳು ಪದರದ ಮೇಲೆ ತೇಲುತ್ತ. ಆ ಆಯಿಲ್ ಒಂದು ಸಣ್ಣ ಪೈಪಿನಲ್ಲಿ ಒತ್ತಡದಿಂದ ಬರುತ್ತದೆ. ಹೋಗುವಾಗ ಮಾತ್ರ ಯಾವ ಒತ್ತಡವೂ ಇಲ್ಲ. ದಪ್ಪ ಪೈಪಿನಲ್ಲಿ ತನ್ನ ಭಾರಕ್ಕೆ ತಾನೇ ಕೆಳಗಿನ ಆಯಿಲ್ ಚೇಂಬರಿಗೆ ಇಳಿಯಬೇಕು.

ಟರ್ಬೊ ಒಳಗಿನ ಸೀಲ್ ರಬ್ಬರಿನದಲ್ಲ. ಪಿಸ್ಟನ್ನಿನ ಸುತ್ತ ಕೂರುವ ಪಿಸ್ಟನ್ ರಿಂಗಿನ ಮರಿಯಂಥ ಲೋಹದ ಬಳೆ. ಇಳಿಯುವ ದಾರಿ ಸರಾಗವಾಗಿದ್ದರೆ ಮಾತ್ರ ಅದು ಆಯಿಲ್ ತಡೆಯುತ್ತದೆ. ಬಚ್ಚಲ ಮೋರಿ ಕಟ್ಟಿಕೊಂಡರೆ ನೀರು ಹೊಸ್ತಿಲು ದಾಟಿ ಬರುತ್ತದೆ ಅಲ್ವಾ? ಇಲ್ಲೂ ಅದೇ ಕತೆ. ಇಳಿಯುವ ಪೈಪು ಕಟ್ಟಿದ್ದರೆ, ಅಥವಾ ಚೇಂಬರಿನಲ್ಲೇ ಒತ್ತಡ ತುಂಬಿದ್ದರೆ, ಹೊಚ್ಚ ಹೊಸ ಟರ್ಬೊ ಕೂಡ ಹೊಗೆ ಬಿಡುತ್ತದೆ.

ಏನೇನು ಬೇಕು

ಒಳ್ಳೆ ಟಾರ್ಚು, ಬಿಳಿ ಹತ್ತಿ ಬಟ್ಟೆ, ತೆಳು ರಬ್ಬರ್ ಕೈಗವಸು, ಸ್ಕ್ರೂ ಡ್ರೈವರ್, ಪಕ್ಕಡ, ಪ್ಲಗ್ ಬಿಚ್ಚುವ ಸಾಕೆಟ್ (1.8 ಟರ್ಬೊಗೆ 16 ಮಿಮೀ). ಕಾರಿನ ಕಂಪ್ಯೂಟರಿಗೆ ಸಿಕ್ಕಿಸಿ ಮೊಬೈಲಿನಲ್ಲಿ ನೋಡುವ ಒಬಿಡಿ ಸ್ಕ್ಯಾನರ್ ಇದ್ದರೆ ಒಳ್ಳೆಯದು. ಕಂಪ್ರೆಶನ್ ಗೇಜ್ ಗ್ಯಾರೇಜಿನಲ್ಲಿ ಸಿಗುತ್ತದೆ. ಜೊತೆಗೆ ಹಿಂದಿನಿಂದ ಹೊಗೆ ನೋಡಲು ಒಬ್ಬ ಗೆಳೆಯ.

ಒಂದು ಎಚ್ಚರಿಕೆ. ಮಳೆ ಅಂತ ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಚಾಲೂ ಇಟ್ಟು ಪರೀಕ್ಷೆ ಮಾಡಬೇಡಿ. ಆ ಗಾಳಿಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಪ್ರಾಣ ಹೋಗುತ್ತದೆ.

ಹಂತ 1: ಅದು ಹೊಗೆಯೋ, ಹಬೆಯೋ?

ಡಿಸೆಂಬರಿನಲ್ಲಿ ಶಿರಸಿಯ ಬೆಳಗಿನ ಚಳಿಗೆ ಯಾವ ಕಾರಾದರೂ ಬಿಳಿ ಹಬೆ ಬಿಡುತ್ತದೆ. ಪೆಟ್ರೋಲ್ ಸುಟ್ಟಾಗ ನೀರು ಹುಟ್ಟುವುದು ಸಹಜ. ತಣ್ಣಗಿನ ಸೈಲೆನ್ಸರಿನಿಂದ ಅದು ಹನಿಯಾಗಿಯೂ ತೊಟ್ಟಿಕ್ಕುತ್ತದೆ. ಕರಾವಳಿಯಲ್ಲಿ ಮಳೆಗಾಲದ ತೇವಕ್ಕೆ ಹಬೆ ಬೇಗ ಕರಗುವುದಿಲ್ಲ. ಅದಕ್ಕೇ ಜನ ಹೆದರುತ್ತಾರೆ.

20 ನಿಮಿಷ ಓಡಿಸಿ, ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ನೋಡಿ. ಹಬೆಯಾದರೆ ನಿಂತಿರುತ್ತದೆ. ಹೊಗೆಯಾದರೆ ಮುಂದುವರಿಯುತ್ತದೆ, ಗಾಳಿಯಲ್ಲಿ ತೇಲಿಕೊಂಡಿರುತ್ತದೆ, ವಾಸನೆಯೂ ಇರುತ್ತದೆ.

ಹಂತ 2: ಬಣ್ಣ ಮತ್ತು ಹೊತ್ತು ಬರೆದಿಡಿ

ನೀಲಿ ಛಾಯೆಯ ಹೊಗೆ ಅಂದರೆ ಆಯಿಲ್ ಸುಡುತ್ತಿದೆ. ಬಾಣಲೆಯಲ್ಲಿ ಎಣ್ಣೆ ಸೀದಂಥ ಘಾಟು. ಬಿಸಿ ಇಂಜಿನ್ನಿನಲ್ಲೂ ಬಿಡದ ದಟ್ಟ ಬಿಳಿ ಹೊಗೆ ಅಂದರೆ ಕೂಲಂಟ್ ಒಳಗೆ ಸೇರುತ್ತಿದೆ. ಆಲೆಮನೆ ಪಕ್ಕ ಹಾದುಹೋದಾಗ ಬರುವಂಥ ಸಿಹಿ ವಾಸನೆ ತೆಳುವಾಗಿ ಇರುತ್ತದೆ. ಕಪ್ಪು ಹೊಗೆ ಅಂದರೆ ಗಾಳಿಗೆ ತಕ್ಕದ್ದಕ್ಕಿಂತ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ.

ಬಣ್ಣದ ಬಗ್ಗೆ ಅನುಮಾನ ಬಂದರೆ ಬಿಳಿ ಬಟ್ಟೆಯನ್ನು ಸೈಲೆನ್ಸರಿನ ಬಾಯಿಂದ ಒಂದು ಗೇಣು ದೂರದಲ್ಲಿ ಅರ್ಧ ನಿಮಿಷ ಹಿಡಿಯಿರಿ. ಆಯಿಲ್ ಆದರೆ ಕಂದು ಬಣ್ಣದ ಸಣ್ಣ ಚುಕ್ಕೆಗಳು ಬಿದ್ದು, ಬೆರಳಲ್ಲಿ ಉಜ್ಜಿದರೆ ಜಿಡ್ಡು ಹತ್ತುತ್ತದೆ. ಮಸಿಯಾದರೆ ಒಣ ಕಪ್ಪು ಪುಡಿ. ನೀರಾದರೆ ಬಟ್ಟೆ ಒದ್ದೆ ಅಷ್ಟೇ.

ನೀಲಿ ಹೊಗೆಯಲ್ಲಿ, ಯಾವಾಗ ಬರುತ್ತದೆ ಅನ್ನುವುದೇ ಅರ್ಧ ಉತ್ತರ.

ರಾತ್ರಿಯಿಡೀ ನಿಂತ ಕಾರು ಬೆಳಿಗ್ಗೆ ಚಾಲೂ ಆದ ಕೂಡಲೇ ಒಂದು ಉಂಡೆ ಹೊಗೆ ಬಿಟ್ಟು ಸುಮ್ಮನಾದರೆ ವಾಲ್ವ್ ಸೀಲ್ ಕಡೆ ಅನುಮಾನ ಇಡಿ. ವಾಲ್ವಿನ ಕಡ್ಡಿಯ ಸುತ್ತ ಇರುವ ರಬ್ಬರ್ ಟೋಪಿ ಅದು. ಗಟ್ಟಿಯಾದರೆ ಆಯಿಲ್ ಮೆಲ್ಲಗೆ ಕೆಳಗೆ ಜಿನುಗುತ್ತದೆ. ಐದು ನಿಮಿಷ ಐಡಲ್‌ನಲ್ಲಿ, ಅಂದರೆ ಎಕ್ಸಿಲೇಟರ್ ಮುಟ್ಟದೆ, ನಿಂತಿದ್ದು ಹೊರಟಾಗ ಹೊಗೆ ಬಂದರೆ ವಾಲ್ವ್ ಸೀಲ್ ಇರಬಹುದು, ಟರ್ಬೊದಿಂದ ಆಯಿಲ್ ಇಳಿಯುವ ದಾರಿಯೂ ಇರಬಹುದು. ಜೋರಾಗಿ ಎಕ್ಸಿಲೇಟರ್ ಒತ್ತಿದಷ್ಟು ಹೊತ್ತೂ ಬಂದರೆ ಬ್ರೀದರ್ (ಆಯಿಲ್ ಚೇಂಬರಿನ ಗಾಳಿ ಹೊರಗೆಳೆಯುವ ಪೈಪು, ನಾಲ್ಕನೇ ಹಂತ ನೋಡಿ), ಟರ್ಬೊ ಅಥವಾ ಪಿಸ್ಟನ್ ರಿಂಗ್.

ನಮ್ಮ ಕಡೆಯವರಿಗೆ ಇನ್ನೊಂದು ಪರೀಕ್ಷೆ ಸುಲಭ. ದೇವಿಮನೆ ಘಟ್ಟ ಇಳಿಯುವಾಗ ಮೂರನೇ ಗೇರಿನಲ್ಲಿ ಎಕ್ಸಿಲೇಟರ್‌ನಿಂದ ಕಾಲು ತೆಗೆದು ಅರ್ಧ ನಿಮಿಷ ಬಿಡಿ. ನೇರ ರಸ್ತೆ ಬಂದಾಗ ಮೆಲ್ಲಗೆ ಒತ್ತಿ. ಅಂಕೋಲಾದವರಿಗೆ ಅರಬೈಲು ಘಟ್ಟ ಇದೆ, ಕಾರವಾರದವರಿಗೆ ಅಣಶಿ. ಕಾಲು ತೆಗೆದಾಗ ಇಂಜಿನ್ ಒಳಗೆ ಎಳೆತ ಜೋರಾಗುತ್ತದೆ, ಸವೆದ ಸೀಲಿನಿಂದ ಆಯಿಲ್ ಹೀರಿಕೊಳ್ಳುತ್ತದೆ. ಮತ್ತೆ ಒತ್ತಿದ ಕ್ಷಣ ಅದೆಲ್ಲ ನೀಲಿ ಉಂಡೆಯಾಗಿ ಹೊರಬಂದರೆ ವಾಲ್ವ್ ಸೀಲ್ ಮೇಲಿನ ಅನುಮಾನ ಗಟ್ಟಿಯಾಗುತ್ತದೆ. ಹಿಂದಿನ ಕಾರಿನಲ್ಲಿ ಬರುವ ಗೆಳೆಯ ಇದನ್ನು ನೋಡಲಿ. ಘಟ್ಟದ ತಿರುವಿನಲ್ಲಿ ನೀವು ಕನ್ನಡಿ ನೋಡುತ್ತ ಓಡಿಸಬೇಡಿ.

ಹಂತ 3: ಆಯಿಲ್ ಮಟ್ಟ

ಕಾರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್, ಅಂದರೆ ಆಯಿಲ್ ಅಳೆಯುವ ಕಡ್ಡಿ, ನೋಡಿ. ಮನೆ ಮುಂದಿನ ಇಳಿಜಾರಿನಲ್ಲಿ ನೋಡಿದರೆ ಲೆಕ್ಕ ತಪ್ಪುತ್ತದೆ. ಮೇಲಿನ ಗುರುತು ದಾಟಿದ್ದರೆ ಅದೇ ಕಾರಣ ಇರಬಹುದು. "ಸ್ವಲ್ಪ ಜಾಸ್ತಿ ಇದ್ದರೆ ಒಳ್ಳೆಯದೇ" ಅಂತ ಹಾಕಿಸಿಕೊಂಡವರನ್ನು ನೋಡಿದ್ದೇನೆ. ಒಳ್ಳೆಯದಲ್ಲ. ಹೆಚ್ಚಾದದ್ದನ್ನು ತೆಗೆಸಿ.

ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಹೊಡೆದರೆ ಆಯಿಲ್ ತೆಳುವಾಗಿದೆ ಅಂತ, ಎಂಟನೇ ಹಂತಕ್ಕೆ ಹೋಗಿ.

ಆಮೇಲೆ ಮಟ್ಟವನ್ನು ಸರಿ ಮಾಡಿ 1000 ಕಿಮೀ ಓಡಿಸಿ, ಎಷ್ಟು ಇಳಿಯಿತು ಅಂತ ಬರೆದಿಡಿ. ಟರ್ಬೊ ಇಂಜಿನ್ ಸ್ವಲ್ಪ ಆಯಿಲ್ ತಿನ್ನುತ್ತದೆ. 1000 ಕಿಮೀಗೆ ಅರ್ಧ ಲೀಟರ್‌ವರೆಗೆ ಆಗಬಹುದು ಅಂತ ತಯಾರಕರ ಕೈಪಿಡಿಗಳಲ್ಲೇ ಇರುತ್ತದೆ. ಅಷ್ಟಾದರೆ ನಾನಂತೂ ಕಾರಣ ಹುಡುಕಲು ಶುರು ಮಾಡುತ್ತೇನೆ.

ಹಂತ 4: ಬ್ರೀದರ್, ಎಲ್ಲರೂ ಬಿಟ್ಟುಬಿಡುವ ಜಾಗ

ಪಿಸ್ಟನ್ ಎಷ್ಟೇ ಬಿಗಿ ಇದ್ದರೂ ಸುಟ್ಟ ಗಾಳಿ ಸ್ವಲ್ಪ ಪಕ್ಕದಿಂದ ನುಸುಳಿ ಆಯಿಲ್ ಚೇಂಬರಿಗೆ ಇಳಿಯುತ್ತದೆ. ಇದಕ್ಕೆ ಬ್ಲೋಬೈ ಅನ್ನುತ್ತಾರೆ. ಅದನ್ನು ಹೊರಗೆಳೆದು ಮತ್ತೆ ಇಂಜಿನ್ನಿಗೇ ಸುಡಲು ಕೊಡುವ ಪೈಪು-ವಾಲ್ವುಗಳ ಜಾಲವೇ ಬ್ರೀದರ್, ಅಥವಾ ಪಿಸಿವಿ.

ಟರ್ಬೊ ಕಾರಿನಲ್ಲಿ ಇದಕ್ಕೆ ಎರಡು ದಾರಿ. ಐಡಲ್‌ನಲ್ಲಿರುವಾಗ ಇಂಜಿನ್ನೇ ಇದನ್ನು ಇನ್‌ಟೇಕ್ ಮ್ಯಾನಿಫೋಲ್ಡಿಗೆ, ಅಂದರೆ ಸಿಲಿಂಡರುಗಳಿಗೆ ಗಾಳಿ ಹಂಚುವ ಪೈಪಿಗೆ, ಎಳೆದುಕೊಳ್ಳುತ್ತದೆ. ಬೂಸ್ಟ್ ಬಂದಾಗ ಅಲ್ಲಿ ಎಳೆತ ಹೋಗಿ ಒತ್ತಡ ಬರುತ್ತದೆ. ಆಗ ಒಂದು ಚೆಕ್ ವಾಲ್ವ್, ಅಂದರೆ ಒಂದೇ ಕಡೆ ಬಿಡುವ ವಾಲ್ವ್, ಮುಚ್ಚಿಕೊಂಡು ಗಾಳಿಯನ್ನು ಟರ್ಬೊಗೆ ಗಾಳಿ ಬರುವ ಪೈಪಿಗೆ ತಿರುಗಿಸಬೇಕು. ಈ ವಾಲ್ವ್ ತೆರೆದೇ ಕೂತರೆ ಬೂಸ್ಟ್ ನೇರ ಆಯಿಲ್ ಚೇಂಬರಿಗೆ ನುಗ್ಗುತ್ತದೆ. ಅಲ್ಲಿ ಒತ್ತಡ, ಟರ್ಬೊದ ಆಯಿಲ್ ಇಳಿಯುವುದಿಲ್ಲ, ಹೊಗೆ. ನೋಡಿದವರು ಟರ್ಬೊ ಹೋಯಿತು ಅನ್ನುತ್ತಾರೆ.

ಹೀಗೆ ಪರೀಕ್ಷಿಸಿ. ಇಂಜಿನ್ ಬಿಸಿ ಇರಲಿ, ಐಡಲ್‌ನಲ್ಲಿರಲಿ. ಆಯಿಲ್ ಹಾಕುವ ಮುಚ್ಚಳ ತೆಗೆದು ಆ ಬಾಯಿಗೆ ರಬ್ಬರ್ ಕೈಗವಸನ್ನು ಬಿಗಿದು ಹಿಡಿಯಿರಿ. ಒಳಗೆ ಎಳೆದುಕೊಂಡರೆ, ಅಥವಾ ಸುಮ್ನೆ ನಡುಗಿದರೆ ತೊಂದರೆ ಇಲ್ಲ. ಬಲೂನಿನಂತೆ ಉಬ್ಬಿ ನಿಂತರೆ ಒಳಗೆ ಒತ್ತಡ ಇದೆ. ಮುಚ್ಚಳ ತೆಗೆದಾಗ ಇಂಜಿನ್ ತಡವರಿಸಿದರೆ ಗಾಬರಿ ಬೇಡ, ಹೆಚ್ಚಿನ ಕಾರುಗಳಲ್ಲಿ ಅದು ಸಹಜ.

ಇಂಜಿನ್ ಆರಿದ ಮೇಲೆ ಒಂದೊಂದೇ ಪೈಪನ್ನು ಹಿಂಡಿ ನೋಡಿ. 1.8 ಟರ್ಬೊದಲ್ಲಿ ಮುಖ್ಯವಾದ ಪೈಪುಗಳು ಇನ್‌ಟೇಕ್ ಮ್ಯಾನಿಫೋಲ್ಡಿನ ಕೆಳಗೆ ಅಡಗಿವೆ, ಮೇಲಿಂದ ಕಾಣುವುದೇ ಇಲ್ಲ. ನನ್ನ ಕಾರಿನದು ಮೇಲ್ನೋಟಕ್ಕೆ ಚೆನ್ನಾಗಿಯೇ ಇತ್ತು. ಹೆಬ್ಬೆರಳಿನಿಂದ ಒತ್ತಿದ್ದೇ ತಡ, ಒಣಗಿದ ಅಡಕೆ ಹಾಳೆಯ ಹಾಗೆ ಲಟಕ್ಕನೆ ಮುರಿಯಿತು. ಒಳಗೆ ತಾರಿನಂಥ ಕಪ್ಪು ಅಂಟು, ಕಿರುಬೆರಳು ತೂರುವಷ್ಟೂ ಜಾಗ ಉಳಿದಿರಲಿಲ್ಲ. ಮೆತ್ತಗಾಗಿ ಊದಿದ ಪೈಪು, ಗಟ್ಟಿಯಾಗಿ ಬಿರಿದ ಪೈಪು, ಎರಡನ್ನೂ ಎಸೆಯಿರಿ. ಮಲೆನಾಡಿನ ಕೊಟ್ಟಿಗೆ ಪಕ್ಕ ನಿಲ್ಲುವ ಕಾರಾದರೆ ಇಲಿ ಕಚ್ಚಿದ ಗುರುತನ್ನೂ ಹುಡುಕಿ.

ಚೆಕ್ ವಾಲ್ವನ್ನು ಬಿಚ್ಚಿ, ತೊಳೆದು, ಒಂದು ಚೊಕ್ಕ ಟ್ಯೂಬ್ ಸಿಕ್ಕಿಸಿ ಊದಿ. ಒಂದು ಕಡೆಯಿಂದ ಮಾತ್ರ ಗಾಳಿ ಹೋಗಬೇಕು. ಎರಡೂ ಕಡೆ ಹೋದರೆ ಹೊಸದು ಹಾಕಿ. ತೋಟಕ್ಕೆ ನೀರು ಬಿಡುವ ಪೈಪು, ಬಣ್ಣದ ಸಿಲಿಕಾನ್ ಪೈಪು ಇಲ್ಲಿ ಹಾಕಬೇಡಿ. ಆಯಿಲ್ ಆವಿಗೆ ತಡೆಯುವ ಪೈಪೇ ಆಗಬೇಕು.

ಆಯಿಲ್ ಮುಚ್ಚಳದ ಕೆಳಗೆ ಹಾಲು ಬೆರೆಸಿದ ಕಾಫಿ ಬಣ್ಣದ ನೊರೆ ಕಂಡರೆ ಎಲ್ಲರೂ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಬ್ಲಾಕು ಮತ್ತು ಮೇಲಿನ ಹೆಡ್ ನಡುವಿನ ಸೀಲ್) ಹೋಗಿದೆ ಅಂತ ಹೆದರುತ್ತಾರೆ. ಮನೆಯಿಂದ ಪೇಟೆಗೆ ಎರಡೇ ಕಿಮೀ ಓಡುವ ಕಾರಿನಲ್ಲಿ, ನಮ್ಮ ಮಳೆಗಾಲದಲ್ಲಿ, ಅದು ಬರೀ ತೇವ ಇರಬಹುದು. ಒರೆಸಿ, 50 ಕಿಮೀ ಒಂದೇ ಸಲ ಓಡಿಸಿ ನೋಡಿ. ಮತ್ತೆ ಬಂದು, ಕೂಲಂಟೂ ಇಳಿದಿದ್ದರೆ ಆಗ ಏಳನೇ ಹಂತ.

ಹಂತ 5: ಈಗ ಟರ್ಬೊ ನೋಡಿ

ಇಂಜಿನ್ ಪೂರ್ತಿ ತಣ್ಣಗಿರಲಿ. ಟರ್ಬೊಗೆ ಗಾಳಿ ಬರುವ ಪೈಪು ಬಿಚ್ಚಿ, ಚಕ್ರದ ನಡುವಿನ ನಟ್ಟನ್ನು ಎರಡು ಬೆರಳಲ್ಲಿ ಹಿಡಿಯಿರಿ. ಪಕ್ಕಕ್ಕೆ ಅಲ್ಲಾಡಿಸಿದರೆ ಸ್ವಲ್ಪ ಆಟ ಇರುತ್ತದೆ. ಶಾಫ್ಟು ಆಯಿಲ್ ಮೇಲೆ ತೇಲುವುದರಿಂದ ಅದು ಇರಲೇಬೇಕು. ಇಷ್ಟು ಆಟ ನೋಡಿಯೇ ಒಳ್ಳೆ ಟರ್ಬೊಗಳನ್ನು ಎಸೆದವರಿದ್ದಾರೆ. ರೆಕ್ಕೆ ಸುತ್ತಲಿನ ಗೋಡೆಗೆ ತಾಗಿದರೆ ಮಾತ್ರ ಕೆಟ್ಟಿದೆ. ಹಿಂದೆ-ಮುಂದೆ ಎಳೆದರೆ ಕೈಗೆ ಗೊತ್ತಾಗುವಷ್ಟು ಆಟ ಇರಬಾರದು. ರೆಕ್ಕೆಯ ತುದಿ ಚಿಪ್ಪೆದ್ದಿದ್ದರೆ, ಗೋಡೆಯಲ್ಲಿ ಗೀರು ಕಂಡರೆ, ಟರ್ಬೊ ಮುಗಿದಿದೆ.

ಇಂಟರ್‌ಕೂಲರ್ ಅಂದರೆ ಬೂಸ್ಟ್ ಗಾಳಿಯನ್ನು ತಣಿಸುವ ರೇಡಿಯೇಟರು. ಅದರ ಕೆಳಗಿನ ಪೈಪು ಬಿಚ್ಚಿ ನೋಡಿ. ಒಳಗೆ ಆಯಿಲ್ ಸವರಿದಂತೆ ಜಿಡ್ಡಿದ್ದರೆ ಸಹಜ. ಅರ್ಧ ಲೋಟ ಸುರಿದರೆ ಸಹಜವಲ್ಲ. ಆಗಲೂ ಟರ್ಬೊಗೆ ಬರುವ ಪೈಪಿನಲ್ಲೇ ಆಯಿಲ್ ನಿಂತಿದೆಯಾ ನೋಡಿ. ಟರ್ಬೊಗಿಂತ ಮೊದಲೇ ಒದ್ದೆ ಇದ್ದರೆ ಅದು ಬ್ರೀದರಿನಿಂದ ಬಂದದ್ದು.

ಕೊನೆಗೆ ಆಯಿಲ್ ಬರುವ, ಹೋಗುವ ಪೈಪು. ಘಟ್ಟ ಜೋರಾಗಿ ಹತ್ತಿ, ಮೇಲೆ ಚಹಾ ಅಂಗಡಿ ಕಂಡ ಕೂಡಲೇ ಇಂಜಿನ್ ಆಫ್ ಮಾಡಿದರೆ, ಕೆಂಪಗೆ ಕಾದ ಟರ್ಬೊ ಒಳಗೆ ಉಳಿದ ಆಯಿಲ್ ಸುಟ್ಟು ಇದ್ದಿಲಾಗುತ್ತದೆ. ವರ್ಷಗಟ್ಟಲೆ ಹೀಗಾದರೆ ಪೈಪು ಕಟ್ಟುತ್ತದೆ. ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಮೇಲೆ ಆಫ್ ಮಾಡಿ.

ಹಂತ 6: ರಿಂಗೋ, ವಾಲ್ವ್ ಸೀಲೋ?

ಇಲ್ಲಿ ಕಂಪ್ರೆಶನ್ ಪರೀಕ್ಷೆ ಬೇಕು. ಪಿಸ್ಟನ್ ಗಾಳಿಯನ್ನು ಎಷ್ಟು ಗಟ್ಟಿಯಾಗಿ ಒತ್ತುತ್ತದೆ ಅಂತ ಅಳೆಯುವುದು. ಇಂಜಿನ್ ಬಿಸಿ, ಬ್ಯಾಟರಿ ಫುಲ್, ನಾಲ್ಕೂ ಪ್ಲಗ್ ಹೊರಗೆ, ಕಾಯಿಲ್ ಮತ್ತು ಇಂಜೆಕ್ಟರ್ ಕನೆಕ್ಟರ್ ಬಿಚ್ಚಿರಬೇಕು, ಎಕ್ಸಿಲೇಟರ್ ಪೂರ್ತಿ ಒತ್ತಿರಬೇಕು. ಎಕ್ಸಿಲೇಟರ್ ಒತ್ತದೆ ಅಳೆದರೆ ಅಂಕಿ ಕಡಿಮೆ ಬಂದು, ಒಳ್ಳೆ ಇಂಜಿನ್ನನ್ನೇ ಬಿಚ್ಚಿಸುವ ಹಾಗಾಗುತ್ತದೆ.

ನಾಲ್ಕು ಸಿಲಿಂಡರಿನ ಅಂಕಿ ಒಂದಕ್ಕೊಂದು ಹತ್ತಿರ ಇರಬೇಕು. ಒಂದು ಮಾತ್ರ ತೀರಾ ಕೆಳಗಿದ್ದರೆ ಅದರೊಳಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಅಂಕಿ ಎಲ್ಲ ಚೆನ್ನಾಗಿದ್ದೂ ಬೆಳಿಗ್ಗೆ ಹೊಗೆ ಬರುತ್ತಿದ್ದರೆ ವಾಲ್ವ್ ಸೀಲ್. ಅದನ್ನು ಬದಲಾಯಿಸಲು ಹೆಡ್ ಇಳಿಸಲೇಬೇಕು ಅಂತಿಲ್ಲ. ಸಿಲಿಂಡರಿಗೆ ಕಂಪ್ರೆಸರ್ ಗಾಳಿ ತುಂಬಿ ವಾಲ್ವ್ ಬೀಳದಂತೆ ಹಿಡಿದೂ ಮಾಡಬಹುದು. 1.8 ಟರ್ಬೊದಲ್ಲಿ ಸಿಲಿಂಡರಿಗೆ ಐದರಂತೆ 20 ವಾಲ್ವ್, ಹಾಗಾಗಿ ಕೂಲಿ ಜಾಸ್ತಿ.

ಹಳೆ 1.8 ಟಿಎಸ್‌ಐ ಇರುವವರಿಗೆ ಒಂದು ಮಾತು. ಆ ಇಂಜಿನ್ನಿನಲ್ಲಿ ಆಯಿಲ್ ಸವರಿ ತೆಗೆಯುವ ರಿಂಗಿಗೆ ಇಂಗಾಲ ಕಟ್ಟುವುದುಂಟು. ಕಂಪ್ರೆಶನ್ ಸರಿಯಾಗಿಯೇ ಇದ್ದು ಆಯಿಲ್ ಮಾತ್ರ ಖಾಲಿಯಾಗುತ್ತಿರುತ್ತದೆ. ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ನಿಂತ ಕಾರುಗಳಲ್ಲೂ ರಿಂಗ್ ಅಂಟಿಕೊಳ್ಳುತ್ತದೆ.

ಹಂತ 7: ಬಿಳಿ ಹೊಗೆ

ಕೂಲಂಟ್ ಡಬ್ಬಿಯ ಮಟ್ಟಕ್ಕೆ ಗುರುತು ಹಾಕಿ ಎರಡು ದಿನ ನೋಡಿ. ಹೊರಗೆ ಎಲ್ಲೂ ಸೋರದೆ ಇಳಿಯುತ್ತಿದ್ದರೆ ಒಳಗೆ ಹೋಗುತ್ತಿದೆ. ಪ್ಲಗ್ ಬಿಚ್ಚಿದಾಗ ಒಂದು ಮಾತ್ರ ತೊಳೆದಿಟ್ಟಂತೆ ಚೊಕ್ಕ ಇದ್ದರೆ ಆ ಸಿಲಿಂಡರ್‌ಗೆ ನೀರು ಹೋಗುತ್ತಿದೆ. ಗ್ಯಾರೇಜಿನಲ್ಲಿ ಬ್ಲಾಕ್ ಟೆಸ್ಟರ್ ಇದ್ದರೆ ಕೂಲಂಟ್ ಡಬ್ಬಿಯ ಮೇಲೆ ಇಟ್ಟು ಗಾಳಿ ಎಳೆಯುತ್ತಾರೆ. ಅದರ ನೀಲಿ ದ್ರವ ಹಳದಿಯಾದರೆ ಹೆಡ್ ಗ್ಯಾಸ್ಕೆಟ್ ದಾಟಿ ಸುಟ್ಟ ಗಾಳಿ ಬರುತ್ತಿದೆ ಅಂತ.

ಬಿಸಿ ಇದ್ದಾಗ ಕೂಲಂಟ್ ಮುಚ್ಚಳ ತೆಗೆಯಲೇಬೇಡಿ. ಮತ್ತು ಇಂಥ ಕಾರನ್ನು ಹುಬ್ಬಳ್ಳಿವರೆಗೆ ಓಡಿಸಿಕೊಂಡು ಹೋಗಬೇಡಿ. ಸಿಲಿಂಡರಿನಲ್ಲಿ ನೀರು ತುಂಬಿದರೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎತ್ತಿಸಿಕೊಂಡು ಹೋಗಿ.

ಹಂತ 8: ಕಪ್ಪು ಹೊಗೆ

ಇದು ನಾಲ್ಕರಲ್ಲಿ ಮೂರು ಸಲ ಪೈಪು ಅಥವಾ ಸೆನ್ಸರ್ ಅನ್ನುವುದು ನನ್ನ ಅನುಭವ. ಟರ್ಬೊದಿಂದ ಇಂಜಿನ್‌ವರೆಗಿನ ಯಾವುದೋ ಪೈಪು ಬಿರಿದು ಅಳೆದ ಗಾಳಿ ಹೊರಗೆ ಹೋದರೆ, ಪೆಟ್ರೋಲ್ ಮಾತ್ರ ಪೂರ್ತಿ ಹೋಗುತ್ತದೆ. ಪಿಕಪ್ ಕಡಿಮೆ, ಎಕ್ಸಿಲೇಟರ್ ಒತ್ತಿದಾಗ ಉಸ್ ಅನ್ನುವ ಸದ್ದು. ಕರಾವಳಿ ಗಾಳಿಯ ಉಪ್ಪಿಗೆ ಕ್ಲಿಪ್ಪುಗಳು ತುಕ್ಕು ಹಿಡಿದು ಸಡಿಲವಾಗಿರುತ್ತವೆ, ಅವನ್ನೇ ಮೊದಲು ನೋಡಿ. ಆಮೇಲೆ ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್, ಕೂಲಂಟ್ ಉಷ್ಣತೆಯ ಸೆನ್ಸರ್, ಆಕ್ಸಿಜನ್ ಸೆನ್ಸರ್. ಸ್ಕ್ಯಾನರಿನಲ್ಲಿ ಪಿ0172 ಕೋಡ್ ಬಂದರೆ ಪೆಟ್ರೋಲ್ ಜಾಸ್ತಿ ಅಂತ ಅರ್ಥ. ಯಾವ ಸೆನ್ಸರ್ ಹೋಗಿದೆ ಅಂತ ಅದು ಹೇಳುವುದಿಲ್ಲ.

ಹೊಗೆ ತಪಾಸಣೆಯ ಚೀಟಿಯನ್ನೂ ಎಸೆಯಬೇಡಿ. ಭಾರತ್ ಸ್ಟೇಜ್ 2 ಮತ್ತು 3ರ ಪೆಟ್ರೋಲ್ ಕಾರಿಗೆ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ. 0.5, ಹೈಡ್ರೋಕಾರ್ಬನ್ 750 ಪಿಪಿಎಂ. ಸ್ಟೇಜ್ 4ಕ್ಕೆ ಶೇ. 0.3 ಮತ್ತು 200. ಮೊದಲನೆಯದು ಏರಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಅದು ಸರಿ ಇದ್ದು ಎರಡನೆಯದು ಮಾತ್ರ ಏರಿದ್ದರೆ ಆಯಿಲ್ ಅಥವಾ ಸರಿಯಾಗಿ ಉರಿಯದ ಸಿಲಿಂಡರ್ ಕಡೆ ನೋಡಿ.

ಹಂತ 9: ರಿಪೇರಿ

ಅಗ್ಗದ್ದರಿಂದ ಶುರು ಮಾಡಿ. ಆಯಿಲ್ ಮಟ್ಟ, ಬ್ರೀದರ್ ಪೈಪು, ಚೆಕ್ ವಾಲ್ವ್, ಕ್ಲಿಪ್ಪು. ಒಂದು ಬದಲಾಯಿಸಿ, ಓಡಿಸಿ, ನೋಡಿ, ಆಮೇಲೆ ಇನ್ನೊಂದು. ಎಲ್ಲ ಒಟ್ಟಿಗೆ ಮಾಡಿಸಿದರೆ ಯಾವುದರಿಂದ ಸರಿಯಾಯಿತು ಅಂತಲೇ ತಿಳಿಯುವುದಿಲ್ಲ.

ಟರ್ಬೊ ಬದಲಾಯಿಸಲೇಬೇಕಾದರೆ ಹಿಂದಿನ ರಾತ್ರಿಯೇ ಟರ್ಬೊ ಕೂರುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆಯಿರಿ. ಕಾರವಾರ, ಹೊನ್ನಾವರದ ಕಾರುಗಳಲ್ಲಿ ಉಪ್ಪು ಹಿಡಿದ ಸ್ಟಡ್ಡು ಪಾನಾ ಹಾಕಿದ ಕೂಡಲೇ ತುಂಡಾಗುತ್ತದೆ. ಆಯಿಲ್ ಬರುವ ಪೈಪನ್ನು ಹೊಸದೇ ಹಾಕಿಸಿ, ತೊಳೆದರೆ ಸಾಲದು. ಗ್ಯಾಸ್ಕೆಟ್, ಆಯಿಲ್, ಫಿಲ್ಟರ್ ಎಲ್ಲ ಹೊಸತು. ಇಳಿಯುವ ಪೈಪಿನ ಗ್ಯಾಸ್ಕೆಟಿಗೆ ಪೇಸ್ಟ್ ಬಳಿಯಲು ಬಿಡಬೇಡಿ, ಒಳಗೆ ಉಬ್ಬಿ ದಾರಿ ಮುಚ್ಚುತ್ತದೆ. ಚಾಲೂ ಮಾಡುವ ಮೊದಲು ಟರ್ಬೊದ ಬಾಯಿಗೆ ಚೊಕ್ಕ ಆಯಿಲ್ ತುಂಬಬೇಕು. ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು ಕೆಲವು ಸೆಕೆಂಡು ಸ್ಟಾರ್ಟರ್ ಹೊಡೆಯಬೇಕು. ಒಣ ಶಾಫ್ಟು ತಿರುಗಿದರೆ ಹೊಸ ಟರ್ಬೊ ಅಲ್ಲೇ ಹಾಳು.

1.8 ಟರ್ಬೊಗೆ ಫೋಕ್ಸ್‌ವ್ಯಾಗನ್ 502.00 ಮಾನದಂಡದ ಪೂರ್ತಿ ಸಿಂಥೆಟಿಕ್ 5ಡಬ್ಲ್ಯು-40 ಆಯಿಲ್ ಹಾಕಿ. 15,000 ಕಿಮೀ ಕಾಯಬೇಡಿ, ನಾನು 7,500ಕ್ಕೆ ಬದಲಾಯಿಸುತ್ತೇನೆ. ಹೊಗೆ ಕಡಿಮೆಯಾಗಲಿ ಅಂತ ದಪ್ಪ ಆಯಿಲ್ ಹಾಕುವ ಸಲಹೆ ಬರುತ್ತದೆ. ಅದರಿಂದ ಹೊಗೆ ಒಂದಿಷ್ಟು ದಿನ ಅಡಗಬಹುದು, ಆದರೆ ತಣ್ಣಗಿನ ಇಂಜಿನ್ನಿನಲ್ಲಿ ಟರ್ಬೊಗೆ ಆಯಿಲ್ ತಡವಾಗಿ ಮುಟ್ಟುತ್ತದೆ.

ರಿಪೇರಿ ಆದ ದಿನವೇ ಹೊಗೆ ಕಂಡರೆ ಗ್ಯಾರೇಜಿನವರ ಜೊತೆ ಜಗಳಕ್ಕೆ ಇಳಿಯಬೇಡಿ. ಇಂಟರ್‌ಕೂಲರಿನಲ್ಲಿ, ಸೈಲೆನ್ಸರಿನಲ್ಲಿ ಹಳೆ ಆಯಿಲ್ ಉಳಿದಿರುತ್ತದೆ. ಇಂಟರ್‌ಕೂಲರ್ ಬಿಚ್ಚಿ ತೊಳೆಸಿ. ಸೈಲೆನ್ಸರಿನದು ಸುಟ್ಟು ಹೋಗಲು ನೂರಿನ್ನೂರು ಕಿಮೀ ಬೇಕು. ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದೆಯಾ ನೋಡಿ. ಕಡಿಮೆಯಾಗದಿದ್ದರೆ ಕೈಗವಸು ತೆಗೆದುಕೊಂಡು ಮತ್ತೆ ನಾಲ್ಕನೇ ಹಂತಕ್ಕೆ ಹೋಗಿ. ಹೊಗೆ ನಿಂತ ಮೇಲೂ ಪಿಕಪ್ ಬಾರದಿದ್ದರೆ ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ಸೈಲೆನ್ಸರಿನ ಮುಂದಿರುವ ಹೊಗೆ ಶುದ್ಧ ಮಾಡುವ ಡಬ್ಬಿ, ಆಯಿಲ್ ಕುಡಿದು ಕಟ್ಟಿಕೊಂಡಿದೆಯಾ ಅಂತ ನೋಡಿಸಿ.